ಭಾರರೇಖೆ: ನಾವಿಕರ ಸುರಕ್ಷತಾಜ್ಞಾನ ಶಾಸನವಾದ ಬಗೆ

ವಾಣಿಜ್ಯ ನೌಕಾಯಾನದ ಚರಿತ್ರೆಯನ್ನು ಕುರಿತ ಗ್ರಂಥಗಳಲ್ಲಿ ದಿಕ್ಸೂಚಿ, ಭೂಪಟ, ಹಾಯಿ, ಉಗಿಯಂತ್ರ ಮೊದಲಾದವುಗಳಿಗೆ ದೊರೆತಿರುವ ಪ್ರಾಶಸ್ತ್ಯ ಹಡಗಿನ ಪಕ್ಕೆಯ ಮೇಲೆ ಬಳಿದ ಒಂದು ಗೆರೆಗೆ ದೊರೆತಿಲ್ಲ. ಸರಕು ಹಡಗಿನ ಎರಡೂ ಪಾರ್ಶ್ವಗಳ ನಡುಭಾಗದಲ್ಲಿ ಒಂದು ವೃತ್ತವೂ ಅದರ ನಡುವೆ ಹಾದುಹೋಗುವ ಒಂದು ಅಡ್ಡಗೆರೆಯೂ ಕಂಡುಬರುತ್ತವೆ. ಹಡಗಿಗೆ ಹೇರಬಹುದಾದ ಭಾರದ ಮೇರೆಯನ್ನು ಸೂಚಿಸುವ ಈ ಚಿಹ್ನೆಯೇ ಭಾರರೇಖೆ. ಇದಕ್ಕಾಗಿ ಹೋರಾಡಿದ ಬ್ರಿಟಿಷ್ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅವರ ಹೆಸರಿನಿಂದ ಇದು ಪ್ಲಿಮ್ಸಾಲ್ ಗೆರೆ ಎಂದೂ ಪ್ರಸಿದ್ಧವಾಗಿದೆ.

ಹಡಗು ಎಷ್ಟು ಭಾರವನ್ನು ತಾಳಬಲ್ಲದು ಎಂಬ ತಿಳಿವಳಿಕೆ ನಾವಿಕರಲ್ಲಿ ಬಹು ಹಿಂದಿನಿಂದಲೂ ಇತ್ತು. ಆದರೆ ಆ ತಿಳಿವಳಿಕೆ ಎಲ್ಲರನ್ನೂ ಬಂಧಿಸುವ ಶಾಸನವಾಗಲು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಈ ವಿಳಂಬಕ್ಕೆ ಜ್ಞಾನದ ಕೊರತೆಗಿಂತ, ಮಿತಿಯನ್ನು ನಿರ್ಧರಿಸುವ ಅಧಿಕಾರ ಸರಕಿನಿಂದ ಲಾಭ ಪಡೆಯುವವರ ಕೈಯಲ್ಲಿ ಉಳಿದಿದ್ದುದೇ ಮುಖ್ಯ ಕಾರಣವೆಂಬುದನ್ನು ಇತಿಹಾಸದ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. 2009ರಲ್ಲಿ ನವಮಂಗಳೂರು ಬಂದರಿನಿಂದ ಅದಿರು ಹೊತ್ತು ಹೊರಟ ಹಡಗೊಂದು ಮುಳುಗಿದ ಹಿನ್ನೆಲೆಯಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಮರುಕಳಿಸಿದ್ದನ್ನೂ ಇಲ್ಲಿ ಗಮನಿಸಲಾಗಿದೆ.

ಹಿನ್ನೆಲೆ

ಹಡಗಿನ ಡೆಕ್ಕಿನಿಂದ ನೀರಿನ ಮಟ್ಟದವರೆಗಿನ ಎತ್ತರಕ್ಕೆ ನೌಕಾ ಪರಿಭಾಷೆಯಲ್ಲಿ ಫ್ರೀಬೋರ್ಡ್ ಎಂದು ಹೆಸರು. ಈ ಎತ್ತರ ಹೆಚ್ಚಿದ್ದಷ್ಟೂ ನೀರಿನ ಮೇಲಿರುವ ಒಡಲಿನ ಭಾಗ ಹೆಚ್ಚಾಗಿರುತ್ತದೆ. ಅಲೆಯ ಹೊಡೆತಕ್ಕೆ ವಾಲಿದ ಹಡಗು ಮರಳಿ ನೆಟ್ಟಗಾಗಲು ಇದೇ ಆಸರೆ. ಭಾರ ಹೆಚ್ಚಾದಂತೆ ಈ ಎತ್ತರ ಕುಗ್ಗಿ, ಅಲೆಗಳು ಡೆಕ್ಕನ್ನೇರಿ ಬಾಗಿಲು ಕಿಂಡಿಗಳ ಮೂಲಕ ಒಳನುಗ್ಗುತ್ತವೆ. ಮಧ್ಯಯುಗದ ವೆನಿಸ್ ನಗರದ ಹಡಗುಗಳ ಪಕ್ಕೆಯಲ್ಲಿ ಭಾರದ ಮಿತಿಯನ್ನು ಶಿಲುಬೆಯ ಗುರುತಿನಿಂದ ಸೂಚಿಸುವ ಪದ್ಧತಿ ಇತ್ತು. ಜಿನೋವಾದಲ್ಲಿಯೂ ಇಂತಹ ಕಟ್ಟಳೆಗಳಿದ್ದವು. 1835ರಲ್ಲಿ ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆಯು ಹಡಗಿನ ಒಡಲಿನ ಆಳದ ಪ್ರತಿ ಒಂದು ಅಡಿಗೆ ಮೂರು ಅಂಗುಲದಂತೆ ನೀರಿನ ಮೇಲಣ ಎತ್ತರವನ್ನು ಉಳಿಸಬೇಕೆಂಬ ಸೂತ್ರವನ್ನು ಸೂಚಿಸಿತು. ಆದರೆ ಅದು ಸಲಹೆಯ ರೂಪದಲ್ಲಿದ್ದು, ಪಾಲಿಸದ ಮಾಲೀಕನನ್ನು ದಂಡಿಸುವ ಅವಕಾಶವಿರಲಿಲ್ಲ.

ಭಾರತದ ಪಶ್ಚಿಮ ಕರಾವಳಿಯಲ್ಲಿ ಸುರಕ್ಷತೆಯ ವಿವೇಕ ಬೇರೊಂದು ರೂಪ ತಾಳಿತ್ತು. ಇಲ್ಲಿ ಭಾರದ ಗೆರೆಗಿಂತ ಕಾಲದ ಗೆರೆ ಮುಖ್ಯವಾಗಿತ್ತು. ಹದಿನೈದನೆಯ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದ್ ತನ್ನ ನೌಕಾಗ್ರಂಥದಲ್ಲಿ ಮುಂಗಾರಿನ ಉಗ್ರಕಾಲದಲ್ಲಿ ಪಶ್ಚಿಮ ಭಾರತದ ರೇವುಗಳು ಮುಚ್ಚುವುದನ್ನೂ ಯಾನಕ್ಕೆ ಯೋಗ್ಯವಾದ ಋತುಗಳನ್ನೂ ವಿವರಿಸಿದ್ದಾನೆ. ಹೊನ್ನಾವರ, ಮಂಗಳೂರು ಮೊದಲಾದ ರೇವುಗಳ ವ್ಯಾಪಾರ ಈ ಋತುಚಕ್ರಕ್ಕೆ ಹೊಂದಿಕೊಂಡಿತ್ತು. ಮಳೆಗಾಲದಲ್ಲಿ ಹಾಯಿಹಡಗುಗಳನ್ನು ದಡಕ್ಕೆಳೆದು, ನೂಲ ಹುಣ್ಣಿಮೆಯ ವೇಳೆಗೆ ಸಮುದ್ರಪೂಜೆ ಸಲ್ಲಿಸಿ ಕಡಲಿಗಿಳಿಯುವ ಸಂಪ್ರದಾಯ ಈ ವಿವೇಕದ ಧಾರ್ಮಿಕ ರೂಪವೆನ್ನಬಹುದು. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮಂಜಿಗಳು ಮಳೆಗಾಲದಲ್ಲಿ ಯಾನ ನಿಲ್ಲಿಸುವ ರೂಢಿಯೂ ಇದೇ ಪರಂಪರೆಗೆ ಸೇರಿದ್ದು. ಯಾನಕ್ಕೆ ಹೊರಡಬಾರದ ಕಾಲವನ್ನು ಸಮುದಾಯವೇ ನಿಶ್ಚಯಿಸಿದ್ದರಿಂದ ಒಬ್ಬ ವರ್ತಕನ ಲಾಭಾಕಾಂಕ್ಷೆಗೆ ಅಲ್ಲಿ ಹೆಚ್ಚು ಅವಕಾಶವಿರಲಿಲ್ಲ.

ಉಗಿಹಡಗಿನ ಯುಗದಲ್ಲಿ ಈ ಪರಿಸ್ಥಿತಿ ಬದಲಾಯಿತು. ಹಡಗು ವರ್ಷವಿಡೀ ಸಂಚರಿಸತೊಡಗಿತು. ಕಲ್ಲಿದ್ದಲು, ಕಬ್ಬಿಣ, ಧಾನ್ಯ ಮೊದಲಾದ ಭಾರವಾದ ಸರಕುಗಳ ಸಾಗಣೆ ಹೆಚ್ಚಿತು. ಒಂದೊಂದು ಟನ್ ಹೆಚ್ಚುವರಿ ಸರಕೂ ನೇರವಾಗಿ ಬಾಡಿಗೆಯ ಲಾಭವಾಯಿತು. ಹಡಗು ಮುಳುಗಿದರೂ ವಿಮೆಯಿಂದ ಮಾಲೀಕನ ನಷ್ಟ ತುಂಬಿಬರುತ್ತಿದ್ದುದು ನಾವಿಕರ ಪಾಲಿಗೆ ಮಾರಕವಾಯಿತು. 1866ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ‘ಲಂಡನ್’ ಎಂಬ ಉಗಿಹಡಗು ಬಿಸ್ಕೆ ಕೊಲ್ಲಿಯಲ್ಲಿ ಮುಳುಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಒಂದು ದೋಣಿಯಲ್ಲಿ ಪಾರಾದವರು 19 ಮಂದಿ ಮಾತ್ರ. ಅತಿಭಾರವೂ ಈ ದುರಂತದ ಕಾರಣಗಳಲ್ಲೊಂದೆಂಬ ಚರ್ಚೆ ಬ್ರಿಟನ್ನಿನಲ್ಲಿ ವ್ಯಾಪಕವಾಗಿ ನಡೆಯಿತು.

ಪ್ಲಿಮ್ಸಾಲ್ ಚಳವಳಿ

ಅಂದಿನ ಕಾನೂನಿನಲ್ಲಿ ನಾವಿಕನ ಸ್ಥಿತಿ ವಿಚಿತ್ರವಾಗಿತ್ತು. 1854ರ ಬ್ರಿಟಿಷ್ ವಾಣಿಜ್ಯ ನೌಕಾ ಕಾಯ್ದೆಯ ಪ್ರಕಾರ, ಕರಾರಿಗೆ ಸಹಿ ಹಾಕಿದ ನಾವಿಕ ಹಡಗನ್ನೇರಲು ನಿರಾಕರಿಸಿದರೆ ಹಲವು ವಾರಗಳ ಸೆರೆವಾಸಕ್ಕೆ ಗುರಿಯಾಗುತ್ತಿದ್ದ. ಅನೇಕ ವೇಳೆ ಹಡಗನ್ನು ಕಣ್ಣಾರೆ ಕಾಣುವ ಮೊದಲೇ ಆತ ಸಹಿ ಹಾಕಿರುತ್ತಿದ್ದ. ಹಡಗು ಶಿಥಿಲವೆಂದೋ ಅತಿಭಾರದ್ದೆಂದೋ ಆತನ ಅನುಭವ ಹೇಳಿದರೂ ಆ ಅನುಭವಕ್ಕೆ ನ್ಯಾಯಾಲಯದಲ್ಲಿ ಬೆಲೆಯಿರಲಿಲ್ಲ. 1871ರ ಕಾಯ್ದೆಯ ನಂತರವಷ್ಟೇ, ಹಡಗು ಯಾನಕ್ಕೆ ಅಯೋಗ್ಯವೆಂದು ಆಪಾದಿಸುವ ನಾವಿಕರ ಮಾತನ್ನು ಪರಿಗಣಿಸಿ ಹಡಗನ್ನು ತಪಾಸಣೆಗೆ ಒಳಪಡಿಸುವ ಅವಕಾಶ ಉಂಟಾಯಿತು. ಅದಕ್ಕೂ ಸಿಬ್ಬಂದಿಯ ನಿರ್ದಿಷ್ಟ ಪಾಲು ಒಟ್ಟಾಗಿ ದೂರು ನೀಡಬೇಕಿತ್ತು.

ನ್ಯೂಕ್ಯಾಸಲ್‌ನ ಹಡಗು ಮಾಲೀಕ ಜೇಮ್ಸ್ ಹಾಲ್ 1860ರ ದಶಕದ ಉತ್ತರಾರ್ಧದಲ್ಲಿಯೇ ಕಡ್ಡಾಯ ಭಾರರೇಖೆಯ ಪರವಾಗಿ ವಾದಿಸತೊಡಗಿದ್ದರು. ಮಾಲೀಕವರ್ಗದಲ್ಲಿಯೂ ಸುರಕ್ಷತೆಯ ಕಾಳಜಿಯುಳ್ಳವರು ಇದ್ದರೆಂಬುದಕ್ಕೆ ಇದು ನಿದರ್ಶನ. 1824ರಲ್ಲಿ ಬ್ರಿಸ್ಟಲ್‌ನಲ್ಲಿ ಜನಿಸಿ, ಕಲ್ಲಿದ್ದಲು ವ್ಯಾಪಾರಿಯಾಗಿದ್ದು, 1868ರಲ್ಲಿ ಡರ್ಬಿ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದ ಪ್ಲಿಮ್ಸಾಲ್ ಈ ವಾದವನ್ನು ಜನಾಂದೋಲನವಾಗಿ ಬೆಳೆಸಿದರು. 1873ರಲ್ಲಿ ಪ್ರಕಟವಾದ ಅವರ ‘ಅವರ್ ಸೀಮೆನ್’ ಎಂಬ ಗ್ರಂಥ ಸಾರ್ವಜನಿಕರಲ್ಲಿ ಸಂಚಲನ ಮೂಡಿಸಿತು. ಅದರಲ್ಲಿ ವಸ್ತುಸ್ಥಿತಿಗೆ ಹೊಂದದ ಕೆಲವು ಆರೋಪಗಳೂ ಇದ್ದು, ಪ್ಲಿಮ್ಸಾಲ್ ಮಾನನಷ್ಟ ಮೊಕದ್ದಮೆಗಳನ್ನು ಎದುರಿಸಬೇಕಾಯಿತು. ಆದರೂ ಗ್ರಂಥದ ಪ್ರಧಾನ ವಾದವನ್ನು ಸರ್ಕಾರ ಕಡೆಗಣಿಸಲಾಗಲಿಲ್ಲ. ಅದೇ ವರ್ಷ ಸಾಮರ್‌ಸೆಟ್ ಡ್ಯೂಕ್ ಅವರ ಅಧ್ಯಕ್ಷತೆಯಲ್ಲಿ ರಾಜ ಆಯೋಗವೊಂದು ನೇಮಕಗೊಂಡಿತು.

ಆಯೋಗವು ಶಾಸನಬದ್ಧ ಭಾರರೇಖೆಯನ್ನು ಶಿಫಾರಸು ಮಾಡಲಿಲ್ಲ. ಪ್ರತಿಯೊಂದು ಹಡಗಿನ ರಚನೆ, ಸರಕು, ಮಾರ್ಗ ಭಿನ್ನವಾಗಿರುವುದರಿಂದ ಏಕರೂಪದ ನಿಯಮ ಅಸಾಧ್ಯವೆಂಬುದು ಮೊದಲ ಆಕ್ಷೇಪ. ರಾಜ್ಯವೇ ಮಿತಿಯನ್ನು ನಿಗದಿಪಡಿಸಿದರೆ ಮಾಲೀಕನ ಹೊಣೆಗಾರಿಕೆ ಸಡಿಲವಾಗುತ್ತದೆಂಬುದು ಎರಡನೆಯ ಆಕ್ಷೇಪ. ಮೊದಲನೆಯದರಲ್ಲಿ ತಾಂತ್ರಿಕ ಸತ್ಯಾಂಶವಿತ್ತೆಂಬುದನ್ನು ಮುಂದಿನ ಬೆಳವಣಿಗೆಗಳು ತೋರಿಸಿದವು. ಎರಡನೆಯದಾದರೋ, ಹೊಣೆಗಾರಿಕೆ ಈಗಾಗಲೇ ವಿಮೆಯ ಮೂಲಕ ಸಡಿಲಗೊಂಡಿದ್ದ ವಾಸ್ತವವನ್ನು ಮರೆತ ವಾದವಾಗಿತ್ತು.

1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿ ಆ ಅಧಿವೇಶನದಲ್ಲಿ ವಾಣಿಜ್ಯ ನೌಕಾ ಮಸೂದೆಯನ್ನು ಕೈಬಿಡುವುದಾಗಿ ಘೋಷಿಸಿದಾಗ, ಪ್ಲಿಮ್ಸಾಲ್ ಸದನದಲ್ಲಿಯೇ ರೋಷಗೊಂಡು, ನಾವಿಕರನ್ನು ಸಾವಿನ ದವಡೆಗೆ ನೂಕುವವರನ್ನು ಖಳರೆಂದು ಜರಿದರು. ಸದನದ ಶಿಸ್ತು ಮೀರಿದ ಈ ವರ್ತನೆಗೆ ಅವರು ಅನಂತರ ಕ್ಷಮೆ ಕೋರಿದರೂ ಲೋಕಾಭಿಪ್ರಾಯ ಅವರ ಕಡೆಗೇ ವಾಲಿತು. ಸರ್ಕಾರ ಒತ್ತಡಕ್ಕೆ ಮಣಿದು ಅದೇ ವರ್ಷ ತಾತ್ಕಾಲಿಕ ಕಾಯ್ದೆಯೊಂದನ್ನು ತಂದಿತು. 1876ರ ಕಾಯ್ದೆಯಲ್ಲಿ ಭಾರರೇಖೆಯ ಗುರುತು ಕಡ್ಡಾಯವಾಯಿತು.

ಗೆರೆಯ ಸ್ಥಾನವನ್ನು ಕುರಿತ ವಿವಾದ

1876ರ ಕಾಯ್ದೆಯು ಗೆರೆಯನ್ನು ಕಡ್ಡಾಯಗೊಳಿಸಿತೇ ಹೊರತು ಅದನ್ನು ಎಲ್ಲಿ ಎಳೆಯಬೇಕೆಂಬುದನ್ನು ನಿಗದಿಪಡಿಸಲಿಲ್ಲ. ಆ ಆಯ್ಕೆ ಮಾಲೀಕನಿಗೇ ಬಿಡಲ್ಪಟ್ಟಿತು. ಕಪ್ತಾನನೊಬ್ಬ ಆ ಗುರುತನ್ನು ಹಡಗಿನ ಹೊಗೆಕೊಳವೆಯ ಮೇಲೆ ಬಳಿಸಿದನೆಂಬ ಕತೆ ನೌಕಾವಲಯದಲ್ಲಿ ಪ್ರಚಲಿತವಾಗಿದೆ. ಕತೆ ನಿಜವಿರಲಿ, ಇಲ್ಲದಿರಲಿ, ಕಾಯ್ದೆಯ ಟೊಳ್ಳುತನವನ್ನು ಅದು ಚೆನ್ನಾಗಿ ಬಿಂಬಿಸುತ್ತದೆ. ಗುರುತು ಹಡಗಿನ ಮೇಲಿದ್ದರೂ ಗುರುತಿನ ಮೇಲಿನ ಅಧಿಕಾರ ಮೊದಲಿದ್ದಲ್ಲಿಯೇ ಇತ್ತು.

ಈ ನ್ಯೂನತೆ ನೀಗಲು ಮತ್ತೆ ಹದಿನಾಲ್ಕು ವರ್ಷ ಬೇಕಾದವು. ಲಾಯ್ಡ್ಸ್ ರಿಜಿಸ್ಟರ್‌ನ ಮುಖ್ಯ ಸರ್ವೇಯರ್ ಬೆಂಜಮಿನ್ ಮಾರ್ಟೆಲ್ ಹಡಗುಗಳ ಉದ್ದ, ಆಳ, ರಚನೆ, ಬಲಗಳನ್ನು ಆಧರಿಸಿ ಫ್ರೀಬೋರ್ಡ್ ಕೋಷ್ಟಕಗಳನ್ನು ಸಿದ್ಧಪಡಿಸಿದರು. 1883ರಲ್ಲಿ ನೌಕಾಶಿಲ್ಪಿ ಸರ್ ಎಡ್ವರ್ಡ್ ರೀಡ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಸಮಿತಿ 1885ರಲ್ಲಿ ವರದಿ ಸಲ್ಲಿಸಿ, ಇಂತಹ ಕೋಷ್ಟಕಗಳ ಮೂಲಕ ಮಿತಿಯನ್ನು ಗಣಿಸುವುದು ಸಾಧ್ಯವೆಂದು ಅಭಿಪ್ರಾಯಪಟ್ಟಿತು. ಹಡಗುಗಳ ಭಿನ್ನತೆಯನ್ನೇ ಲೆಕ್ಕಕ್ಕೆ ಅಳವಡಿಸಿದ್ದರಿಂದ ರಾಜ ಆಯೋಗದ ಮೊದಲ ಆಕ್ಷೇಪಕ್ಕೆ ಉತ್ತರ ದೊರೆತಂತಾಯಿತು. 1890ರ ಕಾಯ್ದೆಯ ಮೂಲಕ ಗೆರೆಯ ಸ್ಥಾನವನ್ನು ನಿರ್ಧರಿಸುವ ಅಧಿಕಾರ ಮಾಲೀಕನಿಂದ ಸರ್ಕಾರಕ್ಕೂ ಅದು ಮಾನ್ಯ ಮಾಡಿದ ವರ್ಗೀಕರಣ ಸಂಸ್ಥೆಗಳಿಗೂ ವರ್ಗಾವಣೆಗೊಂಡಿತು. ಭಾರರೇಖೆಯ ಇತಿಹಾಸದಲ್ಲಿ ನಿಜವಾದ ತಿರುವು 1876ಕ್ಕಿಂತ 1890ರಲ್ಲಿದೆ ಎಂದು ಹೇಳಲು ಇದೇ ಆಧಾರ.

1906ರಲ್ಲಿ ಬ್ರಿಟಿಷ್ ಬಂದರುಗಳಿಗೆ ಬರುವ ವಿದೇಶಿ ಹಡಗುಗಳಿಗೂ ಈ ನಿಯಮ ಅನ್ವಯವಾಯಿತು. ಅದೇ ವರ್ಷ ಕೋಷ್ಟಕಗಳನ್ನು ಪರಿಷ್ಕರಿಸಿ ಹೆಚ್ಚಿನ ಭಾರಕ್ಕೆ ಅವಕಾಶ ನೀಡಿದ್ದು ನಾವಿಕರ ಪರವಾದ ವಲಯಗಳಲ್ಲಿ ಟೀಕೆಗೆ ಗುರಿಯಾಯಿತು. 1930ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಭಾರರೇಖಾ ಒಪ್ಪಂದವೂ, 1966ರಲ್ಲಿ ಅದರ ಸ್ಥಾನದಲ್ಲಿ ಹೊಸ ಒಪ್ಪಂದವೂ ರೂಪುಗೊಂಡವು. ಎರಡನೆಯದು 1968ರ ಜುಲೈ 21ರಂದು ಜಾರಿಗೆ ಬಂದಿತು.

ಗುರುತುಗಳ ಅರ್ಥ

1966ರ ಒಪ್ಪಂದದಂತೆ ವೃತ್ತದ ಹೊರವ್ಯಾಸ 300 ಮಿ.ಮೀ.; ಅಡ್ಡಗೆರೆಯ ಉದ್ದ 450 ಮಿ.ಮೀ., ದಪ್ಪ 25 ಮಿ.ಮೀ. ಗೆರೆಯ ಮೇಲಂಚು ವೃತ್ತದ ಕೇಂದ್ರದ ಮೂಲಕ ಹಾದುಹೋಗುತ್ತದೆ. ಇದು ಬೇಸಿಗೆಯ ಮಿತಿ. ವೃತ್ತದ ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂತೆ ಇತರ ಗೆರೆಗಳಿರುತ್ತವೆ. ಬೇಸಿಗೆಯ ಮಿತಿಯಲ್ಲಿ ಹಡಗು ನೀರಿನಲ್ಲಿ ಮುಳುಗಿರುವ ಆಳದ ನಲವತ್ತೆಂಟನೆಯ ಒಂದು ಭಾಗದಷ್ಟು ಮೇಲಕ್ಕೆ ಉಷ್ಣವಲಯದ ಗೆರೆ, ಅಷ್ಟೇ ಕೆಳಕ್ಕೆ ಚಳಿಗಾಲದ ಗೆರೆ. 100 ಮೀಟರಿಗಿಂತ ಹೆಚ್ಚು ಉದ್ದವಿಲ್ಲದ ಹಡಗುಗಳಿಗೆ ಉತ್ತರ ಅಟ್ಲಾಂಟಿಕ್‌ನ ಚಳಿಗಾಲಕ್ಕಾಗಿ ಇನ್ನೂ 50 ಮಿ.ಮೀ. ಕೆಳಗೆ ಮತ್ತೊಂದು ಗೆರೆ ಉಂಟು. ಸಿಹಿನೀರು ಕಡಲ ನೀರಿಗಿಂತ ಹಗುರವಾದುದರಿಂದ ಅದರಲ್ಲಿ ಹಡಗು ಹೆಚ್ಚು ಆಳಕ್ಕೆ ಇಳಿಯುತ್ತದೆ. ನದಿಮುಖದ ಬಂದರಿನಲ್ಲಿ ಸರಕು ತುಂಬುವ ಅಧಿಕಾರಿ ನೀರಿನ ಸಾಂದ್ರತೆಯನ್ನು ಅಳೆದು, ಕಡಲು ಸೇರಿದ ಮೇಲೆ ಹಡಗು ಎಷ್ಟು ಮೇಲೇಳುತ್ತದೆಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಸಿಹಿನೀರಿನ ಪ್ರತ್ಯೇಕ ಗೆರೆ ಇದಕ್ಕಾಗಿಯೇ ಇದೆ.

ಸಾಗರಗಳನ್ನು ವಲಯ ಮತ್ತು ಋತುಗಳಾಗಿ ವಿಂಗಡಿಸಿರುವುದು ಈ ಒಪ್ಪಂದದ ಇನ್ನೊಂದು ಮುಖ್ಯಾಂಶ. ಅರಬ್ಬೀ ಸಮುದ್ರವು ವರ್ಷದ ಕೆಲಭಾಗ ಉಷ್ಣವಲಯವೆಂದೂ ಮುಂಗಾರಿನ ತಿಂಗಳುಗಳಲ್ಲಿ ಬೇಸಿಗೆಯ ವಲಯವೆಂದೂ ಪರಿಗಣಿತವಾಗುತ್ತದೆ. ಅಂದರೆ ಮಳೆಗಾಲದಲ್ಲಿ ಇಲ್ಲಿ ಸಂಚರಿಸುವ ಹಡಗು ಕಡಿಮೆ ಭಾರವನ್ನೇ ಹೊರಬೇಕು. ಕರಾವಳಿಯ ಸಂಪ್ರದಾಯ ಯಾನವನ್ನೇ ನಿಲ್ಲಿಸಿ ಪಾಲಿಸುತ್ತಿದ್ದ ಎಚ್ಚರ ಇಲ್ಲಿ ಮಿಲಿಮೀಟರುಗಳ ಲೆಕ್ಕದಲ್ಲಿ ಉಳಿದುಬಂದಿದೆ.

ಭಾರತೀಯ ನಾವಿಕರು ಮತ್ತು ಶಾಸನ

ಬ್ರಿಟಿಷ್ ಹಡಗುಗಳ ಸಿಬ್ಬಂದಿಯಲ್ಲಿ ಲಾಸ್ಕರರೆಂದು ಕರೆಯಲ್ಪಡುತ್ತಿದ್ದ ಭಾರತೀಯ ನಾವಿಕರ ಪಾಲು ಗಣನೀಯವಾಗಿತ್ತು. ಮೊದಲ ಮಹಾಯುದ್ಧದ ಆರಂಭದ ವೇಳೆಗೆ ಅವರ ಸಂಖ್ಯೆ ಸುಮಾರು 50,000. ಸಾರಂಗನ ಮುಂದಾಳುತನದಲ್ಲಿ, ಪ್ರತ್ಯೇಕ ಕರಾರಿನ ಮೇಲೆ, ಕಡಿಮೆ ವೇತನಕ್ಕೆ ದುಡಿಯುತ್ತಿದ್ದ ಇವರ ನೌಕಾಜ್ಞಾನ ಬಹುಮಟ್ಟಿಗೆ ಮೌಖಿಕವಾಗಿ ಹರಿದುಬಂದುದು. ಹಿಂದೂಸ್ತಾನಿ, ಪೋರ್ಚುಗೀಸ್, ಅರಬ್ಬೀ ಮೊದಲಾದ ಭಾಷೆಗಳ ಶಬ್ದಗಳು ಬೆರೆತ ಲಷ್ಕರಿ ನುಡಿಯಲ್ಲಿ ಹಡಗಿನ ಆಜ್ಞೆಗಳು ರೂಪುಗೊಂಡಿದ್ದವು. 1811ರಲ್ಲಿ ಥಾಮಸ್ ರೋಬಕ್ ಕಲ್ಕತ್ತೆಯಲ್ಲಿ ಪ್ರಕಟಿಸಿದ ನೌಕಾನಿಘಂಟು ಈ ನುಡಿಯ ಮಹತ್ವಕ್ಕೆ ಸಾಕ್ಷಿ. ಓದುಬರಹ ಬಲ್ಲವರು ವಿರಳವಾಗಿದ್ದ ಇಂತಹ ಸಿಬ್ಬಂದಿಗೂ ಭಾರರೇಖೆ ಅರ್ಥವಾಗುತ್ತಿತ್ತೆಂಬುದು ಗಮನಾರ್ಹ. ಗೆರೆ ನೀರಿನ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಧಕ್ಕೆಯ ಮೇಲೆ ನಿಂತ ಯಾವ ನಾವಿಕನಾದರೂ ಹೇಳಬಲ್ಲ. ಕಡತದಲ್ಲಿ ಅಡಗದೆ ಹಡಗಿನ ಮೈಮೇಲೆಯೇ ಇರುವ ಕಾನೂನಾದುದರಿಂದ ಅದರ ಉಲ್ಲಂಘನೆಯನ್ನು ಮರೆಮಾಚುವುದು ಕಷ್ಟವಾಯಿತು.

1923ರಲ್ಲಿ ಭಾರತೀಯ ವಾಣಿಜ್ಯ ನೌಕಾ ಕಾಯ್ದೆ ರೂಪುಗೊಂಡಿತು. 1927ರಲ್ಲಿ ಮುಂಬಯಿಯಲ್ಲಿ ‘ಡಫರಿನ್’ ತರಬೇತಿ ನೌಕೆ ಆರಂಭವಾದುದರಿಂದ ಭಾರತೀಯರು ನೌಕಾಧಿಕಾರಿಗಳಾಗಲು ದಾರಿ ತೆರೆಯಿತು. ಭಾರ, ಸಮತೋಲ, ಸರಕಿನ ಜೋಡಣೆಗಳ ಲೆಕ್ಕ ಅಲ್ಲಿಯವರೆಗೆ ಬಹುತೇಕ ಆಂಗ್ಲ ಅಧಿಕಾರಿಗಳ ಸ್ವತ್ತಾಗಿತ್ತು. ಸ್ವಾತಂತ್ರ್ಯಾನಂತರ 1958ರ ವಾಣಿಜ್ಯ ನೌಕಾ ಕಾಯ್ದೆಯು ಭಾರರೇಖೆಯ ಉಪಬಂಧಗಳನ್ನು ಒಳಗೊಂಡಿತು. ಹಾಯಿಹಡಗುಗಳಿಗೂ ಫ್ರೀಬೋರ್ಡ್ ನಿಗದಿಪಡಿಸುವ ವ್ಯವಸ್ಥೆ ಅದರಲ್ಲಿತ್ತು. 1975ರಲ್ಲಿ ಭಾರತೀಯ ಹಡಗು ನೋಂದಣಿ ಸಂಸ್ಥೆ ಸ್ಥಾಪನೆಗೊಂಡಿತು. 1979ರಲ್ಲಿ ಭಾರರೇಖೆಯ ನಿಯಮಾವಳಿ ಪ್ರಕಟವಾಯಿತು. 1958ರ ಕಾಯ್ದೆಗೆ ಬದಲಾಗಿ 2025ರಲ್ಲಿ ಸಂಸತ್ತು ಹೊಸ ವಾಣಿಜ್ಯ ನೌಕಾ ಕಾಯ್ದೆಯನ್ನು ಅಂಗೀಕರಿಸಿತು.

ಗೆರೆಗೆ ಕಾಣದ ಅಪಾಯ

ಭಾರರೇಖೆ ಅಳೆಯುವುದು ಭಾರವನ್ನು ಮಾತ್ರ. ಸರಕಿನ ಸ್ವಭಾವವನ್ನು ಅದು ಅರಿಯದು. ಕಬ್ಬಿಣದ ಅದಿರಿನ ಪುಡಿ ಇದಕ್ಕೆ ಉತ್ತಮ ಉದಾಹರಣೆ. ನೋಡಲು ಒಣಗಿದಂತಿರುವ ಪುಡಿಯ ಕಣಗಳ ನಡುವೆ ನೀರು ಅಡಗಿರಬಹುದು. ಹಡಗಿನ ಅದುರಾಟ, ಹೊಯ್ದಾಟಗಳಿಂದ ಕಣಗಳು ಒತ್ತೊತ್ತಾಗಿ ಸೇರಿದಂತೆ ಈ ನೀರಿನ ಒತ್ತಡ ಏರಿ, ಕಣಗಳ ಪರಸ್ಪರ ಹಿಡಿತ ತಪ್ಪಿ, ರಾಶಿಯೇ ದ್ರವದಂತೆ ಹರಿಯತೊಡಗುತ್ತದೆ. ಹಡಗು ವಾಲಿದಾಗ ಒಂದು ಪಕ್ಕಕ್ಕೆ ಹರಿದ ಸರಕು ಪೂರ್ತಿಯಾಗಿ ಮರಳದೆ ಅಲ್ಲೇ ನಿಲ್ಲುತ್ತದೆ. ಮುಂದಿನ ಅಲೆಗಳಿಗೆ ವಾಲಿಕೆ ಹೆಚ್ಚುತ್ತಾ ಹೋಗಿ ಹಡಗು ಮಗುಚುತ್ತದೆ. ಗೆರೆ ನೀರಿನ ಮೇಲೆಯೇ ಇದ್ದರೂ ಈ ಅಪಾಯ ತಪ್ಪದು.

ಪುಡಿ ಅದಿರು ನೀರಿನೊಡನೆ ಹರಿಯುತ್ತದೆಂಬುದು ಕರ್ನಾಟಕಕ್ಕೆ ಹೊಸ ಸಂಗತಿಯಲ್ಲ. ಕುದುರೆಮುಖದ ಅದಿರಿನ ಸಾರವನ್ನು ನೀರಿನೊಡನೆ ಬೆರೆಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಿ, ಅಲ್ಲಿ ನೀರನ್ನು ಬೇರ್ಪಡಿಸಲಾಗುತ್ತಿತ್ತು. ಕೊಳವೆಯಲ್ಲಿ ಉಪಕಾರಿಯಾದ ಈ ಗುಣವೇ ಹಡಗಿನ ಒಡಲಿನಲ್ಲಿ ಅಪಾಯಕಾರಿಯಾಗುತ್ತದೆ.

2009ರ ಜುಲೈನಲ್ಲಿ, ಮುಂಗಾರಿನ ನಡುವೆ, ನವಮಂಗಳೂರು ಬಂದರಿನಲ್ಲಿ ಸುಮಾರು 13,600 ಟನ್ ಅದಿರಿನ ಪುಡಿಯನ್ನು ತುಂಬಿಕೊಂಡು ಚೀನಾಕ್ಕೆ ಹೊರಟ ‘ಏಷಿಯನ್ ಫಾರೆಸ್ಟ್’ ಎಂಬ ಹಡಗು ಕರಾವಳಿಗೆ ಸಮೀಪದಲ್ಲಿಯೇ ವಾಲಿ ಮುಳುಗಿತು. ಅದರ 18 ಮಂದಿ ನಾವಿಕರನ್ನು ತಟರಕ್ಷಣಾ ಪಡೆ ರಕ್ಷಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ ಬಂದರಿನ ಬಳಿ ಅದಿರು ಹೊತ್ತ ‘ಬ್ಲ್ಯಾಕ್ ರೋಸ್’ ಮುಳುಗಿತು. 2010ರ ಅಕ್ಟೋಬರ್ ಮತ್ತು ಡಿಸೆಂಬರ್ ನಡುವೆ ಇಂಡೋನೇಷ್ಯಾದ ನಿಕಲ್ ಅದಿರನ್ನು ಹೊತ್ತ ಮೂರು ಹಡಗುಗಳು ಮುಳುಗಿ 44 ನಾವಿಕರು ಜೀವ ಕಳೆದುಕೊಂಡರು.

ಈ ಅಪಾಯವೂ ಅಜ್ಞಾತವಾಗಿರಲಿಲ್ಲ. ಸರಕಿನ ತೇವಾಂಶ ಒಂದು ಮಿತಿಯನ್ನು ಮೀರಬಾರದೆಂಬ ಸೂಚನೆ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಮೊದಲೇ ಇತ್ತು. ಸರಕು ಹರಿಯತೊಡಗುವ ತೇವಾಂಶದ ಶೇಕಡ 90ರಷ್ಟನ್ನು ಸಾಗಣೆಯ ಮಿತಿಯೆಂದು ಪರಿಗಣಿಸಲಾಗುತ್ತದೆ. ಆದರೆ ಆ ಸಂಹಿತೆ 2011ರ ಜನವರಿ 1ರವರೆಗೆ ಕಡ್ಡಾಯವಾಗಿರಲಿಲ್ಲ. ಕಡ್ಡಾಯವಾದ ಮೇಲೂ ತೇವಾಂಶದ ಪ್ರಮಾಣಪತ್ರವನ್ನು ಒದಗಿಸುವ ಹೊಣೆ ಸರಕು ಕಳುಹಿಸುವವನದೇ ಆಗಿತ್ತು. ಸರಕು ಬೇಗ ಸಾಗಲೆಂದು ಬಯಸುವವನೇ ಅದು ಸುರಕ್ಷಿತವೆಂದು ಪ್ರಮಾಣೀಕರಿಸುವ ಈ ಏರ್ಪಾಡು, ಗೆರೆಯ ಸ್ಥಾನವನ್ನು ಮಾಲೀಕನಿಗೇ ಬಿಟ್ಟ 1876ರ ಕಾಯ್ದೆಯನ್ನು ನೆನಪಿಸುತ್ತದೆ. ಮಾದರಿ ಸಂಗ್ರಹ ಮತ್ತು ಪರೀಕ್ಷೆಯ ವಿಧಾನಗಳಿಗೆ ಸರಕು ತುಂಬುವ ಬಂದರಿನ ಸಕ್ಷಮ ಪ್ರಾಧಿಕಾರದ ಅನುಮೋದನೆ ಬೇಕೆಂಬ ನಿಯಮ ಮುಂದಿನ ತಿದ್ದುಪಡಿಗಳಲ್ಲಿ ಸೇರಿತು. 2017ರ ಜನವರಿ 1ರಿಂದ ಕಬ್ಬಿಣದ ಅದಿರಿನ ಪುಡಿಗೆ ಪ್ರತ್ಯೇಕ ಅನುಸೂಚಿ ಕಡ್ಡಾಯವಾಯಿತು.

ಇದೇ ಸಂಹಿತೆಯು ನಾವಿಕನ ಕೈಗೂ ಒಂದು ಸರಳ ಪರೀಕ್ಷೆಯನ್ನು ನೀಡಿದೆ. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಸುವ ಡಬ್ಬಿಯಲ್ಲಿ ಅರ್ಧದಷ್ಟು ಅದಿರನ್ನು ತುಂಬಿ, ಸುಮಾರು 20 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲದ ಮೇಲೆ 25 ಬಾರಿ ಕುಟ್ಟಬೇಕು. ಮೇಲ್ಭಾಗದಲ್ಲಿ ನೀರು ಜಿನುಗಿದರೆ ಅಥವಾ ರಾಶಿ ಕೆಸರಿನಂತಾದರೆ, ತುಂಬುವ ಮೊದಲು ಪ್ರಯೋಗಾಲಯದ ಪರೀಕ್ಷೆ ಆಗಬೇಕು. ನೀರು ಜಿನುಗದಿದ್ದರೂ ಸರಕು ಸುರಕ್ಷಿತವೆಂದು ಇದರಿಂದ ಸಿದ್ಧವಾಗದು. ಎಚ್ಚರಿಸುವುದಷ್ಟೇ ಈ ಪರೀಕ್ಷೆಯ ಕೆಲಸ. ಆ ಎಚ್ಚರಿಕೆಯನ್ನು ಆಧರಿಸಿ ಸರಕನ್ನು ನಿರಾಕರಿಸುವ ಕಪ್ತಾನ, ಬಾಡಿಗೆದಾರನ ಒತ್ತಡವನ್ನು ತಾಳಿಕೊಳ್ಳಬೇಕಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅತಿಭಾರದ ಅಪಾಯವಾಗಲಿ ತೇವದ ಅದಿರಿನ ಅಪಾಯವಾಗಲಿ, ಶಾಸನ ಬರುವುದಕ್ಕೆ ಬಹು ಮೊದಲೇ ಬಲ್ಲವರಿಗೆ ತಿಳಿದಿತ್ತು. ಎರಡನೆಯದಾಗಿ, ಸಲಹೆಯ ರೂಪದಲ್ಲಿದ್ದ ಜ್ಞಾನ ಲಾಭದ ಒತ್ತಡದೆದುರು ನಿಲ್ಲಲಿಲ್ಲ. ಮೂರನೆಯದಾಗಿ, ಕಡ್ಡಾಯಗೊಳಿಸಿದ ಮಾತ್ರಕ್ಕೆ ನಿಯಮ ಫಲಕಾರಿಯಾಗಲಿಲ್ಲ. ಅಳೆಯುವ ಅಧಿಕಾರ ಸರಕಿನಲ್ಲಿ ಹಿತಾಸಕ್ತಿಯಿಲ್ಲದವರ ಕೈ ಸೇರಿದಾಗಲೇ ಅದಕ್ಕೆ ಬಲ ಬಂದಿತು. ಭಾರರೇಖೆಯ ವಿಷಯದಲ್ಲಿ 1876ರಿಂದ 1890ರವರೆಗಿನ ಹದಿನಾಲ್ಕು ವರ್ಷಗಳ ಅಂತರ ಈ ಮಾತಿಗೆ ಪ್ರಮಾಣ.

1880ರಲ್ಲಿ ಸಂಸತ್ತನ್ನು ತೊರೆದ ಪ್ಲಿಮ್ಸಾಲ್ 1898ರ ಜೂನ್ 3ರಂದು ತೀರಿಕೊಂಡರು. ಅವರ ಹೆಸರಿನ ಗೆರೆ ಇಂದು ಪಣಂಬೂರಿನ ಧಕ್ಕೆಗೆ ಬರುವ ಸರಕು ಹಡಗುಗಳ ಪಕ್ಕೆಯ ಮೇಲೂ ಇದೆ. ಕರ್ನಾಟಕದ ಬಂದರುಗಳ ಇತಿಹಾಸವನ್ನು ರಚಿಸುವವರು ಸಾಗಿದ ಸರಕಿನ ಟನ್ ಲೆಕ್ಕದ ಜೊತೆಗೆ, ಆ ಸರಕನ್ನು ಹೊತ್ತ ನಾವಿಕರ ಸುರಕ್ಷತೆಯ ಲೆಕ್ಕವನ್ನೂ ಗಮನಿಸಿದಲ್ಲಿ ನಮ್ಮ ಕಡಲ ಚರಿತ್ರೆ ಹೆಚ್ಚು ಪೂರ್ಣವಾದೀತು.